ಬಾಗಿಲು ದಾಟದ ಬೆಂಕಿಪೊಟ್ಟಣ

ನಮ್ಮ ಊರಿನಲ್ಲಿ ಯಾವ ಪಾತ್ರೆಗೂ ಅದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮದುವೆಗೋ ನಾಮಕರಣಕ್ಕೋ ಬಂದ ಹೊರಗಿನ ನೆಂಟರು ಇದನ್ನು ನೋಡಿ ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ. ನಮ್ಮಲ್ಲಿ ಅದು ಮಲಗಿ ಎದ್ದ ಮೇಲೆ ಕಾಣಿಸುತ್ತದೆ. ಯಾವ ಸಾಮಾನಿನ ಮೇಲೆ ಮಾತಿಗೆ ಮಾತು ಬೆಳೆದಿರುತ್ತದೋ ಆ ಸಾಮಾನು ಬೆಳಗಾಗುವುದರೊಳಗೆ ಬೆಳೆದಿರುತ್ತದೆ. ಜಗಳ ಮರೆತರೆ ಇಳಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಪೂರ್ತಿ ಇಳಿಯುವುದಿಲ್ಲ, ಕೂದಲೆಳೆಯಷ್ಟಾದರೂ ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಹೀಗಾಗಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಮುಚ್ಚಳಗಳದ್ದೇ ಒಂದು ದೊಡ್ಡ ಗೋಳು.

ಹಾಗಾದರೆ ಬಂಗಾರದ ಮೇಲೆ ಜಗಳವಾಡಬಹುದಲ್ಲ ಎಂದು ನೆಂಟರು ಕಣ್ಣು ಹೊಡೆಯುತ್ತಾರೆ. ಅಯ್ಯೋ, ಅದನ್ನು ಮಾಡದ ಹೊಸ ಜೋಡಿ ನಮ್ಮೂರಿನಲ್ಲಿ ಯಾವುದಿದೆ? ಮದುವೆಯಾದ ಹೊಸತರಲ್ಲಿ ನಾನೂ ನನ್ನ ಮೂಗುಬೊಟ್ಟನ್ನು ಮಣೆಯ ಮೇಲಿಟ್ಟು, ಇವರನ್ನು ಎದುರಿಗೆ ಕೂರಿಸಿಕೊಂಡು, ಬಾಯಿಗೆ ಬಂದ ಹಾಗೆ ಬೈದೆ. ಇವರಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಮೂಗುಬೊಟ್ಟು ಇದ್ದಷ್ಟೇ ಇತ್ತು. ಸುಳ್ಳು ಜಗಳಕ್ಕೆ ಏನೂ ಬೆಳೆಯುವುದಿಲ್ಲ. ನಿಜವಾದ ಜಗಳವಾದರೆ ಬಂಗಾರವೂ ಬೆಳೆಯುತ್ತದೆ, ಆದರೆ ಗಾತ್ರ ಮಾತ್ರ. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಅಕ್ಕಸಾಲಿಗನ ತಕ್ಕಡಿಗೆ ನಮ್ಮ ಜಗಳ ಗೊತ್ತಾಗುವುದಿಲ್ಲ.

ನನ್ನ ಹೆಸರು ದಾಕ್ಷಾಯಣಿ. ಗಾಣದ ಬೀದಿಯಲ್ಲಿ ಮೂರನೇ ಮನೆ. ರವಿಕೆ ಹೊಲಿಯುತ್ತೇನೆ. ಬಾಯಿ ಸ್ವಲ್ಪ ಜೋರು, ನನಗೇ ಗೊತ್ತು, ಯಾರೂ ಹೇಳಬೇಕಾಗಿಲ್ಲ. ನಮ್ಮೆಜಮಾನರು ಗುರುಸಿದ್ದಪ್ಪನವರು ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮೇಸ್ತ್ರಿಯಾಗಿದ್ದರು. ಕೊರಳಲ್ಲಿ ಒಂದು ಶಿಳ್ಳೆ, ಜೇಬಿನಲ್ಲಿ ಎರಡು ಪೆನ್ನು. ನಾನು ಹತ್ತು ಮಾತಾಡಿದರೆ ಅವರದು ಒಂದು, ಆ ಒಂದೂ ಅರ್ಧ ಗಂಟಲಲ್ಲೇ ಉಳಿಯುತ್ತದೆ. ಇಬ್ಬರೇ ಇರುವ ಮನೆ. ಹೇಗೋ ಸಾಗುತ್ತಿತ್ತು.

ಈಗ ಬಾಗಿಲಿನ ವಿಷಯ ಹೇಳಬೇಕು. ನಮ್ಮ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಹಿಂದೆ ಯಾರದೋ ಮನೆಯಲ್ಲಿ ಒಂದು ಬೀಸುವ ಕಲ್ಲು ಬೆಳೆದು ಪಕ್ಕದ ಮನೆಯ ಗೋಡೆಯನ್ನೇ ತಳ್ಳಿಕೊಂಡು ಹೋಯಿತಂತೆ. ಅಂದಿನಿಂದ ಒಂದು ಕಟ್ಟಳೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಹಗ್ಗದ ತೋಪಮ್ಮ ಮನೆಮನೆಗೆ ಬರುತ್ತಾಳೆ. ಮನೆಯಲ್ಲಿ ಅತಿ ಹೆಚ್ಚು ಬೆಳೆದ ಸಾಮಾನಿನ ಅಗಲಕ್ಕೆ ಹಗ್ಗ ಹಿಡಿಯುತ್ತಾಳೆ, ಆಮೇಲೆ ಅದೇ ಹಗ್ಗವನ್ನು ತಲೆಬಾಗಿಲಿಗೆ ಹಿಡಿಯುತ್ತಾಳೆ. ಸಾಮಾನು ಬಾಗಿಲು ದಾಟುವಂತಿದ್ದರೆ ಸರಿ. ದಾಟದಿದ್ದರೆ ಗಂಡ ಹೆಂಡತಿಯಲ್ಲಿ ಒಬ್ಬರು ಮನೆ ಬಿಡಬೇಕು, ಅದು ದಾಟುವಷ್ಟು ಇಳಿಯುವ ತನಕ. ಓರೆ ಮಾಡಿ ನುಗ್ಗಿಸುತ್ತೇನೆ, ನಿಲ್ಲಿಸಿ ಎಳೆಯುತ್ತೇನೆ ಎಂದರೆ ತೋಪಮ್ಮ ಕೇಳುವುದಿಲ್ಲ. ಒಡೆದು ಹಾಕುತ್ತೇನೆ ಎಂದರೆ ನಗುತ್ತಾಳೆ, ಒಡೆದರೆ ಚೂರು ಚೂರೂ ಬೆಳೆಯುತ್ತದಲ್ಲ.

ಇಳಿದ ಮೇಲೆ ಬಂದರಾಯಿತು, ಅದರಲ್ಲೇನು ಎಂದು ನಿಮಗೆ ಅನ್ನಿಸಬಹುದು. ನಮ್ಮ ಎದುರು ಮನೆಯ ಜಯಶೀಲಳನ್ನು ಕೇಳಿ. ಅವಳಿಗೂ ಅವಳ ಗಂಡ ಮಹದೇವನಿಗೂ ಒಂದು ತಾಮ್ರದ ಹಂಡೆಯ ಮೇಲೆ ಜಗಳವಾಯಿತು, ಹಂಡೆ ಬಾಗಿಲು ದಾಟಲಿಲ್ಲ, ಅವನು ಹೊರಟುಹೋದ. ಹಂಡೆ ಇಪ್ಪತ್ತೇ ದಿನಕ್ಕೆ ಇಳಿಯಿತು. ಅವನು ಬರಲಿಲ್ಲ. ಅವನೇ ಬರಲಿ ಎಂದು ಇವಳು, ಅವಳೇ ಕರೆಯಲಿ ಎಂದು ಅವನು. ಆರು ವರ್ಷವಾಯಿತು. ಒಂದು ದಿನ ರವಿಕೆಯ ಅಳತೆ ಕೊಡುವಾಗ ಅವಳು ಯಾವುದೋ ಮಾತಿಗೆ ಹೇಳಿದಳು, "ಹಂಡೆ ಸಣ್ಣದಾಯ್ತು ದಾಕ್ಷಿ. ಮನೆ ದೊಡ್ಡದಾಯ್ತು." 

ಲೈಟರು ಬಂದ ಮೇಲೆ ಕಡ್ಡಿ ಯಾರಿಗೆ ಬೇಕು? ಕಾರ್ಖಾನೆ ಮುಚ್ಚುತ್ತದೆ, ಮುಚ್ಚುತ್ತದೆ ಎಂದು ಎರಡು ವರ್ಷ ಹೇಳಿ ಹೇಳಿ ಕೊನೆಗೆ ಒಂದು ಶನಿವಾರ ಮುಚ್ಚಿತು. ಅವತ್ತು ಎರಡು ತಿಂಗಳ ಬಾಕಿ ಸಂಬಳ ಕೈಗೆ ಬರುತ್ತದೆ ಎಂದು ನಾನು ಬಾಗಿಲಲ್ಲೇ ಕಾದಿದ್ದೆ. ಬಂದದ್ದು ಕೈಗಾಡಿ. ಗಾಡಿಯ ಮೇಲೆ ಮೂರು ಗೋಣಿಮೂಟೆ.

"ಸಂಬಳ ಎಲ್ರೀ?" ಎಂದೆ.

"ಇದೇ," ಎಂದರು.

"ಇದೇ ಅಂದ್ರೆ?"

"ಬಾಕಿ ಬದಲಿಗೆ ಮಾಲು ಕೊಟ್ರು. ಎಲ್ಲರಿಗೂ ಅಷ್ಟೇ. ಕಡ್ಡಿ ಒಳ್ಳೇದಿದೆ ದಾಕ್ಷಿ, ನೋಡು." ಮೂಟೆ ಬಿಚ್ಚಿ ಒಂದು ಪೊಟ್ಟಣ ತೆಗೆದು, ಒಂದು ಕಡ್ಡಿ ಗೀರಿ ತೋರಿಸಿದರು. ಪೊಟ್ಟಣದ ಮೇಲೆ ಛತ್ರಿ ಹಿಡಿದ ಒಂದು ಕರಡಿಯ ಚಿತ್ರ.

ನನಗೆ ನಖಶಿಖಾಂತ ಉರಿಯಿತು. "ಒಳ್ಳೇದಿದ್ರೆ ಏನ್ರೀ ಮಾಡ್ಲಿ? ಹುಳಿ ಮಾಡಿ ಬಡಿಸ್ಲಾ, ಪಲ್ಯ ಮಾಡ್ಲಾ? ಹದಿನೆಂಟು ವರ್ಷ ಊರಿಗೆಲ್ಲ ಶಿಳ್ಳೆ ಊದಿದ್ರಲ್ಲ, ಅಲ್ಲಿ ಬಾಯಿಗೇನು ಬೀಗ ಬಿದ್ದಿತ್ತಾ? ಕೊಟ್ಟಿದ್ದನ್ನ ಹೊತ್ಕೊಂಡ್ ಬಂದ್ರಿ, ಕೈಲಾಗದವರು! ಕೇಳಿಸ್ಕೊಳಿ, ಈ ಕಡ್ಡೀಲಿ ನಾನು ಒಲೆ ಹಚ್ಚಿದ್ರೆ ನನ್ನ ಹೆಸರು ದಾಕ್ಷಾಯಣಿ ಅಲ್ಲ."

ಅವರು ಉರಿಯುತ್ತಿದ್ದ ಕಡ್ಡಿಯನ್ನು ಊದಿ ಆರಿಸಿದರು. ಪೊಟ್ಟಣವನ್ನು ಸ್ಟೌವಿನ ಪಕ್ಕ ಇಟ್ಟು ಹಿತ್ತಲಿಗೆ ಹೋದರು. ಬೆಳಿಗ್ಗೆ ನೋಡಿದರೆ ಅದು ಇಟ್ಟಿಗೆಯಷ್ಟಾಗಿತ್ತು.

ಆಡಿದ ಮಾತಿಗೆ ನಾನು ನಿಂತೆ. ಗ್ಯಾಸು ಮುಗಿದು ಹಳೆಯ ಸೀಮೆಎಣ್ಣೆ ಸ್ಟೌ ಅಟ್ಟದಿಂದ ಇಳಿದಿತ್ತು. ಮೂರು ಮೂಟೆ ಬೆಂಕಿಪೊಟ್ಟಣ ಮನೆಯೊಳಗಿರುವಾಗ ನಾನು ದಿನಾ ಬೆಳಿಗ್ಗೆ, ದಿನಾ ಸಂಜೆ ಕೈದೀಪ ಹಿಡಿದುಕೊಂಡು ಎದುರಿನ ಜಯಶೀಲಳ ಮನೆಗೆ ಹೋಗಿ ಹಚ್ಚಿಸಿಕೊಂಡು, ಅಂಗೈ ಮರೆಮಾಡಿ ಬೀದಿ ದಾಟಿ ಬರುತ್ತಿದ್ದೆ. ಬೀದಿಗೆ ಬೀದಿಯೇ ನೋಡುತ್ತಿತ್ತು. ಇವರೂ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನವಾದರೂ ಬೇಡ ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಗುತ್ತಿತ್ತು. ಆದರೆ ನಮ್ಮೂರಿನ ಪದ್ಧತಿಗೆ ಗಟ್ಟಿಯಾಗಿ ಆಡಿದ ಜಗಳವೇ ಬೇಕೆಂದಿಲ್ಲ, ಹಲ್ಲು ಕಚ್ಚಿಕೊಂಡು ಒಳಗೇ ಆಡಿದ್ದೂ ನಡೆಯುತ್ತದೆ. ಇಟ್ಟಿಗೆ ಪೆಟ್ಟಿಗೆಯಾಯಿತು, ಪೆಟ್ಟಿಗೆ ಟ್ರಂಕಾಯಿತು. ಅಡುಗೆಮನೆಯಲ್ಲಿ ಜಾಗವಿಲ್ಲದೆ ಅದನ್ನು ನಡುಮನೆಗೆ ತಂದಿಟ್ಟೆವು.

ದೊಡ್ಡದಾದರೇನು, ತೂಕ ಒಂದು ಬೆಂಕಿಪೊಟ್ಟಣದ್ದೇ. ಕಸ ಗುಡಿಸುವಾಗ ಒಂದೇ ಬೆರಳಿನಲ್ಲಿ ಎತ್ತಿ ಕೆಳಗೆ ಪೊರಕೆ ಆಡಿಸುತ್ತಿದ್ದೆ. ಕಿಟಕಿಯಿಂದ ಜೋರು ಗಾಳಿ ಬೀಸಿದರೆ ಅದು ಸರಸರ ಜರುಗಿ ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಮಕ್ಕಳ ಮಂಚದಷ್ಟಾಗಿತ್ತು. ಅದರ ಒಂದು ಪಕ್ಕ ಅವರ ಚಾಪೆ, ಇನ್ನೊಂದು ಪಕ್ಕ ನನ್ನ ಚಾಪೆ. ಮಲಗಿಕೊಂಡರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಕರಡಿ ಮಾತ್ರ ಛತ್ರಿ ಹಿಡಿದು ಸೂರು ನೋಡುತ್ತ ಮಲಗಿರುತ್ತಿತ್ತು.

ಅವರು ದಿನಾ ಬೆಳಿಗ್ಗೆ ಒಂದು ಬಟ್ಟೆ ಚೀಲ ತಗುಲಿಸಿಕೊಂಡು ಸೈಕಲ್ಲು ಹತ್ತಿ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂಟೆಗಳು ಅಟ್ಟ ಸೇರಿದ್ದವು, ಹಠಕ್ಕೆ ನಾನು ಆ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಕೆಲಸ ಹೋದ ಗಂಡಸರೆಲ್ಲ ಕಾರ್ಖಾನೆಯ ಹುಣಸೆಮರದ ಕೆಳಗೆ ಚೌಕಾಬಾರ ಆಡುತ್ತಾರೆ ಎಂದು ಬೀದಿಯ ಸುದ್ದಿ. ಇವರೂ ಅಲ್ಲೇ ಎಂದುಕೊಂಡೆ. ಆಗಾಗ ಡಬ್ಬಿಯಲ್ಲಿ ಅಕ್ಕಿ ಕಾಣಿಸುತ್ತಿತ್ತು, ಒಂದಿಷ್ಟು ಬೇಳೆ, ಕಾಲು ಕಿಲೋ ಬೆಲ್ಲ. "ಎಲ್ಲಿಂದ ಬಂತು?" ಎಂದರೆ "ಬಂತು," ಎನ್ನುತ್ತಿದ್ದರು. ಅವರ ಅಣ್ಣನ ಹತ್ತಿರ ಕೈಚಾಚಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅದಕ್ಕೂ ಉರಿದುಕೊಂಡೆ. ಪೊಟ್ಟಣ ಇನ್ನೂ ನಾಲ್ಕು ಬೆರಳು ಬೆಳೆಯಿತು.

ನಾಲ್ಕನೇ ತಿಂಗಳ ಅಮಾವಾಸ್ಯೆಗೆ ತೋಪಮ್ಮ ಬಂದಳು. ವಯಸ್ಸು ಎಪ್ಪತ್ತರ ಮೇಲೆ, ಕುಳ್ಳಿ, ಹೆಗಲ ಮೇಲೆ ಸದಾ ಹಗ್ಗ. ಪೊಟ್ಟಣಕ್ಕೆ ಹಗ್ಗ ಹಿಡಿದು, ಬಾಗಿಲಿಗೆ ಹಿಡಿದು, ಉಳಿದ ಜಾಗದಲ್ಲಿ ಬೆರಳಿಟ್ಟು ಎಣಿಸಿದಳು. "ಮೂರು ಬೆರಳು ಉಳೀತು. ಬರೋ ಅಮಾಸೆಗೆ ಇದು ದಾಟಾಕಿಲ್ಲ ಕಣವ್ವ. ಯಾರು ಓಯ್ತೀರಿ, ಈಗ್ಲೇ ಮಾತಾಡ್ಕಳಿ. ಆ ಗಳಿಗೇಲಿ ಬಡಿದಾಡ್ಕಬ್ಯಾಡಿ."

ಅವಳು ಹೋದ ಮೇಲೆ ಇವರು ತಲೆ ತಗ್ಗಿಸಿಕೊಂಡೇ ಹೇಳಿದರು, "ನಾನೇ ಹೋಗ್ತೀನಿ ದಾಕ್ಷಿ. ನಿನ್ನ ಹೊಲಿಗೆ ಇಲ್ಲಿದೆ."

"ಹೋಗಿ. ಯಾರು ಬೇಡ ಅಂದ್ರು?" ಎಂದೆ. ಅಂದವಳು ಒಳಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ನನಗೆ ಭಯವಾಗಿತ್ತು. ಕೆಲಸ ಹೋದದ್ದಕ್ಕೆ ಅಷ್ಟು ಭಯವಾಗಿರಲಿಲ್ಲ, ಗ್ಯಾಸು ಮುಗಿದದ್ದಕ್ಕೂ ಆಗಿರಲಿಲ್ಲ. ಈ ಮನುಷ್ಯ ಸೈಕಲ್ಲು ಹತ್ತಿ ಹೋದರೆ ತಾನಾಗಿ ಬರುವವರಲ್ಲ, ನಾನು ಕರೆಯುವವಳಲ್ಲ. ನಮ್ಮಿಬ್ಬರ ಗುಣವೂ ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ, ಹೋಗಬೇಡಿ ಎಂದು ಎದ್ದು ಹೋಗಿ ಹೇಳಲು ನಾಲ್ಕು ಹೆಜ್ಜೆ ಸಾಕಿತ್ತು. ಆ ನಾಲ್ಕು ಹೆಜ್ಜೆ ನನ್ನ ಕೈಲಿ ಆಗಲಿಲ್ಲ.

ಮುಂದಿನ ಅಮಾವಾಸ್ಯೆಗೆ ಒಂದು ದಿನ ಇತ್ತು. ಐದು ಮೈಲಿ ಆಚೆಯ ಕೂಡುರಸ್ತೆಯ ಬಟ್ಟೆ ಅಂಗಡಿಗೆ ಹನ್ನೆರಡು ರವಿಕೆ ಕೊಡಬೇಕಿತ್ತು. ನಮ್ಮ ಬೀದಿಯಲ್ಲಿ ಹೊಲಿಸುವವರು ಕಡಿಮೆಯಾದ ಮೇಲೆ ಅದೊಂದು ಹೊಸದಾಗಿ ಹಿಡಿದಿದ್ದೆ. ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ ಅಲ್ಲಿನ ನಿಲ್ದಾಣದಲ್ಲಿ ಇಳಿದೆ. ಕಡಲೆಕಾಯಿಯವನು, ಸೌತೆಕಾಯಿಯವಳು, ಬಾಚಣಿಗೆಯವನು ಎಲ್ಲರೂ ಗಂಟಲು ಹರಿದುಕೊಳ್ಳುತ್ತಿದ್ದರು. ಅವರ ನಡುವೆ ಒಂದು ದನಿ. ದನಿ ಎನ್ನಬಾರದು, ಪಿಸುಮಾತು.

"ಬೆಂಕಿಪೊಟ್ಣ."

ನಾನು ಕಂಬದ ಹಿಂದೆ ಸರಿದೆ. ನಮ್ಮವರು. ಕತ್ತಿನಲ್ಲಿ ಬಟ್ಟೆ ಚೀಲ, ಜೇಬಿನಲ್ಲಿ ಅದೇ ಎರಡು ಪೆನ್ನು. ಬಸ್ಸು ಬಂದಾಗ ಕಿಟಕಿಯ ಕೆಳಗೆ ಹೋಗಿ ನಿಲ್ಲುತ್ತಾರೆ, ಯಾರಿಗೋ ಗುಟ್ಟು ಹೇಳುವವರ ಹಾಗೆ "ಬೆಂಕಿಪೊಟ್ಣ" ಎನ್ನುತ್ತಾರೆ, ಬಸ್ಸು ಹೋಗುತ್ತದೆ. ಯಾರಾದರೂ ನಿಂತು ಕೇಳಿದರೆ ಮಾತ್ರ ಮುಖ ಅರಳುತ್ತದೆ. "ನೋಡಿ, ಒಂದೇ ಸಲಕ್ಕೆ ಹತ್ಕೊಳುತ್ತೆ," ಎಂದು ಕಡ್ಡಿ ಗೀರಿ ತೋರಿಸುತ್ತಾರೆ. ಅವತ್ತು ನನ್ನ ಮುಂದೆ ಗೀರಿದ ಹಾಗೆಯೇ, ಅಂಗೈ ಮರೆಮಾಡಿ. ಒಬ್ಬ ಹುಡುಗಾಟದ ಕಂಡಕ್ಟರು ಆ ಕಡ್ಡಿಯಲ್ಲೇ ಬೀಡಿ ಹಚ್ಚಿಕೊಂಡು, ಪೊಟ್ಟಣ ಕೊಳ್ಳದೆ ಸೀಟಿ ಊದಿಕೊಂಡು ಹೋದ. ಇವರು ಸುಟ್ಟ ಕಡ್ಡಿಯನ್ನು ಕೆಳಗೆ ಬಿಸಾಡದೆ ಜೇಬಿಗೆ ಹಾಕಿಕೊಂಡರು. ಮೂರು ಮೂಟೆ. ನಾಲ್ಕೂ ಮುಕ್ಕಾಲು ತಿಂಗಳು. ಒಂದೊಂದೇ ಪೊಟ್ಟಣ. ಡಬ್ಬಿಯಲ್ಲಿ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ನನಗೆ ಆಗ ತಿಳಿಯಿತು. ರವಿಕೆ ಕೊಟ್ಟು ಬರುವಾಗ ಇನ್ನೊಂದು ದಾರಿ ಹಿಡಿದು ಬಂದೆ.

ಸಂಜೆ ಕೈದೀಪ ಹಿಡಿದು ಹೊಸಿಲ ತನಕ ಹೋದೆ. ದಾಟಲು ಕಾಲು ಏಳಲಿಲ್ಲ. ವಾಪಸು ಬಂದು ಅವಲಕ್ಕಿ ನೆನೆಸಿದೆ. ಅವರು ಬಂದು ಕೈಕಾಲು ತೊಳೆದು ತಟ್ಟೆ ನೋಡಿದರು.

"ಯಾಕೆ, ಜಯಶೀಲ ಮನೇಲಿಲ್ವಾ?"

"ಇದಾಳೆ," ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಮೊಸರವಲಕ್ಕಿ ಕಲಸಿಕೊಂಡು ತಿಂದರು. ಊಟವಾದ ಮೇಲೆ ಒಂದು ಟ್ರಂಕು ತೆಗೆದು ಎರಡು ಪಂಚೆ, ಎರಡು ಅಂಗಿ ಮಡಿಚಿ ಚೀಲದಲ್ಲಿಟ್ಟರು. ನಾನು ನೋಡಿಯೂ ನೋಡದ ಹಾಗೆ ಗುಂಡಿ ಹೊಲಿಯುತ್ತ ಕೂತಿದ್ದೆ, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಬೆಳಿಗ್ಗೆ ಎದ್ದವಳೇ ಅವರ ಮುಂದೆ ನಿಂತೆ. "ಒಂದು ಬೆಂಕಿಪೊಟ್ಣ ಕೊಡಿ. ತೋಪಮ್ಮ ಬರ್ತಾಳೆ, ಕಾಫಿ ಇಡ್ಬೇಕು."

ಅವರು ಗಾಬರಿಯಾದರು. "ಇಲ್ಲ."

"ಇಲ್ಲ ಅಂದ್ರೆ?"

"ಖಾಲಿ. ನಿನ್ನೆ ಕಡೇದೂ ಮಾರ್ಬಿಟ್ಟೆ," ಎಂದುಬಿಟ್ಟರು. ಎಂದ ಮೇಲೆ, ಆಡಬಾರದ್ದನ್ನು ಆಡಿದೆ ಎಂಬಂತೆ ಬಾಯಿ ಮುಚ್ಚಿಕೊಂಡರು.

"ಗೊತ್ತು," ಎಂದೆ. "ನೋಡಿದೆ. ಕೂಡುರಸ್ತೇಲಿ."

ಅವರ ಮುಖ ಕಪ್ಪಿಟ್ಟಿತು. ಮೇಸ್ತ್ರಿಯಾಗಿದ್ದವರು. ಏನಾದರೂ ಹೇಳದಿದ್ದರೆ ಆ ಮುಖ ಹಾಗೇ ಉಳಿದುಬಿಡುತ್ತದೆ ಎನ್ನಿಸಿತು ನನಗೆ. "ಅಲ್ರೀ, ಅದೇನ್ ಕೂಗ್ತೀರಿ ನೀವು! ಪಕ್ಕದಲ್ಲಿ ನಿಂತ ಸೌತೆಕಾಯಿಯವಳಿಗೂ ಕೇಳಿಸಲ್ಲ. ಹೆಣ್ಣು ನೋಡೋಕೆ ಬಂದವರ ಹಾಗೆ ನಿಂತಿದ್ರಿ."

ಅವರ ತುಟಿ ಒಂದಿಷ್ಟು ಅಲುಗಿತು. "ಅಭ್ಯಾಸ ಇಲ್ಲ," ಎಂದರು. "ಶಿಳ್ಳೆ ಆದ್ರೆ ಊದ್ತಿದ್ದೆ."

"ನನಗ್ಯಾಕ್ರೀ ಹೇಳ್ಲಿಲ್ಲ?"

"ಆ ಮಾಲಿಗೆ ಬೆಲೆ ಇಲ್ಲ ಅಂದಿದ್ದೆ ನೀನು. ಪೂರ್ತಿ ಮಾರಿ ಮುಗಿಸಿ ಹೇಳೋಣ ಅಂತ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಜೋರಾಗಿಯೇ ಅತ್ತುಬಿಟ್ಟೆ. "ಮನೆ ತುಂಬ ಕಡ್ಡಿ ಇಟ್ಕೊಂಡು ಬೀದಿ ತುಂಬ ನಿಮ್ಮ ಮಾನ ಕಳೆದೆನಲ್ರೀ. ದಿನಾ ಎರಡು ಹೊತ್ತು ದೀಪ ಹಿಡ್ಕೊಂಡು ಮೆರವಣಿಗೆ ಹೋದೆ. ನನ್ನ ಬಾಯಿಗೆ ಮಣ್ಣು ಹಾಕ. ತಪ್ಪಾಯ್ತು."

"ಅಯ್ಯೋ, ಬಿಡೇ," ಎಂದು ಅವರು ಪಕ್ಕದಲ್ಲಿ ಕೂತರು. ಜಾರಿದ್ದ ಸೆರಗನ್ನೆತ್ತಿ ನನ್ನ ಹೆಗಲಿಗೆ ಹಾಕಿ, "ಕಾಫಿಗೆ ಏನ್ ಮಾಡ್ತೀಯಾ?" ಎಂದರು.

ಇಬ್ಬರೂ ಒಟ್ಟಿಗೇ ನಡುಮನೆಯ ಕಡೆ ತಿರುಗಿದೆವು. ಮನೆಯಲ್ಲಿ ಉಳಿದಿದ್ದ ಬೆಂಕಿಪೊಟ್ಟಣ ಅದೊಂದೇ.

ಪೊಟ್ಟಣದ ಒಳಗಿನ ಗೂಡನ್ನು ಇಬ್ಬರೂ ಹಿಡಿದು ಎಳೆದೆವು. ಒಳಗೆ ಒನಕೆಯಂಥ ಕಡ್ಡಿಗಳು ಮಲಗಿದ್ದವು, ಒಂದೊಂದರ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಮದ್ದು. ನಾನು ಒಂದನ್ನು ಎತ್ತಿಕೊಂಡೆ, ಹುಲ್ಲುಕಡ್ಡಿಯಷ್ಟು ಹಗುರ. "ಸರೀರಿ ಆ ಕಡೆ," ಎಂದು ಪೊಟ್ಟಣದ ಪಕ್ಕಕ್ಕೆ ಗೀರಿದೆ. ಪೊಟ್ಟಣ ಸರ್ರನೆ ಜಾರಿ ಗೋಡೆಗೆ ಹೋಯಿತು. ಅಲ್ಲಿಗೆ ಹೋಗಿ ಗೀರಿದೆ, ಬಾಗಿಲ ಕಡೆ ಓಡಿತು. ನಾನು ಕಡ್ಡಿ ಹಿಡಿದು ಅದರ ಹಿಂದೆ, ಅದು ನನ್ನ ಮುಂದೆ, ನಡುಮನೆ ತುಂಬ ಕರಡಿ ಬೇಟೆ. ಇವರು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಮೂಗುಬೊಟ್ಟಿನ ದಿನದ ಮೇಲೆ ನಾನು ನೋಡಿರಲಿಲ್ಲ.

"ನಗ್ತಾ ನಿಂತ್ರೆ ಆಯ್ತಾ? ಬಂದು ಹಿಡ್ಕೊಳ್ರೀ!" ಎಂದೆ.

ಅವರು ಬಂದು ಪೊಟ್ಟಣವನ್ನು ಎರಡು ತೋಳಿನಲ್ಲಿ ತಬ್ಬಿ, ಮೊಣಕಾಲು ಊರಿ ಕೂತರು. "ತಡಿ, ತಡಿ. ಮೊದಲು ಒಂದು ಬಕೆಟ್ ನೀರು ತಂದಿಟ್ಕೊ. ಇಷ್ಟು ದೊಡ್ಡ ಮದ್ದು. ಸೂರು ಹತ್ಕೊಂಡ್ರೆ?" ಎರಡು ಬಕೆಟ್ ನೀರು ತಂದಿಟ್ಟೆ. ಚಾಪೆ, ಬಟ್ಟೆ ಎಲ್ಲ ಹಿತ್ತಲಿಗೆ ಎಸೆದೆ. ಕಣ್ಣು ಮುಚ್ಚಿಕೊಂಡು, ದೇವರ ಹೆಸರು ಹೇಳಿ, ಎರಡು ಕೈಯಲ್ಲೂ ಹಿಡಿದು ಎಳೆದೆ. ಚರ್ರ್ ಎಂದಿತು. ಕಣ್ಣು ಬಿಡಲು ಧೈರ್ಯ ಸಾಲಲಿಲ್ಲ.

"ದಾಕ್ಷಿ," ಎಂದರು ಇವರು. "ನೋಡೇ."

ಒನಕೆಯ ತುದಿಯ ಆ ತೆಂಗಿನಕಾಯಿಯಷ್ಟು ಮದ್ದಿನ ನೆತ್ತಿಯ ಮೇಲೆ ಒಂದು ಪುಟ್ಟ ಜ್ವಾಲೆ ಕೂತಿತ್ತು. ಒಂದು ಕಡ್ಡಿಯ ಬೆಂಕಿ. ಅಷ್ಟೇ. ಜಯಶೀಲಳ ಮನೆಯಿಂದ ದಿನಾ ತರುತ್ತಿದ್ದ ದೀಪದ ಕುಡಿಗಿಂತ ದೊಡ್ಡದಲ್ಲ. ಐದು ತಿಂಗಳು ಇದನ್ನು ನಡುವೆ ಇಟ್ಟುಕೊಂಡು ಮಲಗಿದ್ದೆವು. ಎರಡು ಬಕೆಟ್ ನೀರು ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

"ಆರಿಹೋಗುತ್ತೆ, ನಡಿ ನಡಿ," ಎಂದು ಅವರು ಎದ್ದು ಅಂಗೈ ಮರೆಮಾಡಿದರು. ನಾನು ಹಿಂದಿನ ತುದಿ ಹಿಡಿದೆ, ಅವರು ಮುಂದೆ ಜ್ವಾಲೆ ಕಾಯುತ್ತ ನಡೆದರು. ಹೀಗೆ ಅಡುಗೆಮನೆಗೆ ಹೋಗಿ ಸ್ಟೌ ಹಚ್ಚಿದೆವು. ಒಂದೇ ಸಲಕ್ಕೆ ಹತ್ತಿಕೊಂಡಿತು. ಕಡ್ಡಿ ನಿಜವಾಗಿಯೂ ಒಳ್ಳೆಯದಿತ್ತು, ಹಾಗೆಂದು ಅವರಿಗೆ ಬಾಯಿಬಿಟ್ಟು ಹೇಳಿದೆ.

ತೋಪಮ್ಮ ಕಾಫಿ ಕುಡಿದು ಲೋಟ ಕೆಳಗಿಟ್ಟು ಹಗ್ಗ ತೆಗೆದಳು. ನಮ್ಮ ಮನಸ್ಸು ತಿಳಿಯಾದರೇನು, ಸಾಮಾನು ಬೆಳೆಯುವುದೂ ರಾತ್ರಿಯೇ, ಇಳಿಯುವುದೂ ರಾತ್ರಿಯೇ. ಪೊಟ್ಟಣಕ್ಕೆ ಹಗ್ಗ ಹಿಡಿದು ಬಾಗಿಲಿಗೆ ಹಿಡಿದಳು. ಹಗ್ಗ ಒಂದು ಬೆರಳು ಹೆಚ್ಚು ಬಂತು. ಮತ್ತೆ ಹಿಡಿದಳು. ಮತ್ತೆ ಒಂದು ಬೆರಳು.

"ದಾಟಾಕಿಲ್ಲ," ಎಂದಳು. ಅವಳಿಗೂ ಸಂಕಟವಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. "ನಾನೇನ್ ಮಾಡ್ಲವ್ವ, ಕಟ್ಟಳೆ. ಒಬ್ರು ಮನೆ ಬುಡ್ಬೇಕು. ಯಾರು ಓಯ್ತೀರಿ?"

ಇವರು ಮೂಲೆಯಲ್ಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡರು. "ನಾನು," ಎಂದು ಹೊಸಿಲು ದಾಟಿ ಜಗಲಿಗೆ ಇಳಿದರು. ಅಲ್ಲಿ ನಿಂತು ನನ್ನ ಕಡೆ ತಿರುಗಿದರು. ಎದುರಿನ ಜಗಲಿಯಲ್ಲಿ ಜಯಶೀಲ ಮೊರ ಹಿಡಿದು ನಿಂತಿದ್ದಳು, ಅಕ್ಕಿ ಕೇರುವುದನ್ನು ಬಿಟ್ಟು. ಆ ದೊಡ್ಡ ಮನೆಯ ಬಾಗಿಲು ಅವಳ ಹಿಂದೆ ತೆರೆದಿತ್ತು.

ಸ್ಟೌ ಆರಿಸಿದೆ. ನನ್ನ ಎರಡು ಸೀರೆ, ಕತ್ತರಿ, ಟೇಪು ಒಂದು ಗಂಟಿಗೆ ಹಾಕಿದೆ. ಬೀಗದ ಕೈ ತೆಗೆದುಕೊಂಡೆ. ಹೊಸಿಲು ದಾಟಿ ಇವರ ಪಕ್ಕದಲ್ಲಿ ನಿಂತು ಬಾಗಿಲಿಗೆ ಬೀಗ ಹಾಕಿದೆ.

"ಇದೇನವ್ವ?" ಎಂದಳು ತೋಪಮ್ಮ.

"ಒಬ್ರು ಮನೆ ಬಿಡ್ಬೇಕು ಅಂದ್ಯಲ್ಲ ತೋಪಮ್ಮ. ಇವರು ಬಿಟ್ರು. ಕಟ್ಟಳೆ ಮುಗೀತು. ಇನ್ನೊಬ್ರು ಮನೇಲೇ ಇರ್ಬೇಕು ಅಂತ ಎಲ್ಲಾದ್ರೂ ಇದ್ಯಾ?"

ತೋಪಮ್ಮ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಬಹಳ ಹೊತ್ತು ಯೋಚಿಸಿದಳು. "ಇಲ್ಲ," ಎಂದಳು ಕೊನೆಗೆ. "ನಲವತ್ತು ವರ್ಸದಿಂದ ಅಳೀತಾ ಇವ್ನಿ. ಇಬ್ರೂ ಓಯ್ತೀವಿ ಅಂತ ಒಬ್ರೂ ಅಂದಿರ್ಲಿಲ್ಲ ಕಣವ್ವ." ಹಗ್ಗ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದಳು.

ಇವರು ನನ್ನ ಗಂಟನ್ನು ಕೈಯಿಂದ ತೆಗೆದುಕೊಂಡರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಎಲ್ಲಿಗೆ ಹೋಗೋದೇ?" ಎಂದರು. ಅದನ್ನು ನಾನು ಯೋಚಿಸಿರಲಿಲ್ಲ. ಎದುರಿನಿಂದ ಜಯಶೀಲ ಕೂಗಿದಳು, "ಬೀದೀಲಿ ಯಾಕೆ ನಿಂತಿದೀರಾ? ನಮ್ಮನೇಲಿ ಜಾಗಕ್ಕೇನು ಬರವಾ?"

ಎಂಟು ದಿನ ಅವಳ ನಡುಮನೆಯಲ್ಲಿ ಮಲಗಿದೆವು, ಚಾಪೆಗೆ ಚಾಪೆ ತಾಗಿಸಿ. ಇವರು ದಿನಾ ಹೋಗಿ ನಮ್ಮ ಕಿಟಕಿಯಲ್ಲಿ ಇಣುಕಿ ಬಂದು ವರದಿ ಒಪ್ಪಿಸುತ್ತಿದ್ದರು, ಕರಡಿ ಇವತ್ತು ನಾಯಿಯಷ್ಟಾಗಿದೆ, ಇವತ್ತು ಬೆಕ್ಕಿನಷ್ಟಾಗಿದೆ. ಎರಡನೇ ದಿನಕ್ಕೇ ಅದು ಬಾಗಿಲು ದಾಟುವಷ್ಟಾಗಿತ್ತು, ನಿಜ ಹೇಳಬೇಕೆಂದರೆ. ಆದರೆ ಜಯಶೀಲ ಬಿಡಲಿಲ್ಲ. ಬಹಳ ವರ್ಷದ ಮೇಲೆ ಮೂರು ಜನಕ್ಕೆ ಸಾರು ಮಾಡುತ್ತಿದ್ದೇನೆ, ಇರಿ ಎಂದಳು. ನಾವು ಹೊರಟ ದಿನ ಅವಳು ನನ್ನನ್ನು ಒಳಗೆ ಕರೆದು, ಮಹದೇವನಿಗೆ ಒಂದು ಕಾಗದ ಬರೆದರೆ ಹೇಗೆ ಎಂದು ಕೇಳಿದಳು. ಹಂಡೆಯ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆ ಎಂದೆ.

ಕಾರ್ಖಾನೆ ಮತ್ತೆ ತೆರೆಯಲಿಲ್ಲ, ತೆರೆಯುವುದೂ ಇಲ್ಲ. ಗ್ಯಾಸು ಇನ್ನೂ ಬಂದಿಲ್ಲ. ಆ ಪೊಟ್ಟಣ ಇಳಿದು ಇಳಿದು ಈಗ ಮಾಮೂಲಿ ಪೊಟ್ಟಣಕ್ಕಿಂತ ಒಂದು ಬೆರಳಷ್ಟೇ ದೊಡ್ಡದಾಗಿದೆ, ಅದಕ್ಕಿಂತ ಇಳಿಯುವುದಿಲ್ಲ. ಅದರಲ್ಲಿ ರವಿಕೆಯ ಹುಕ್ಕು ಹಾಕಿಟ್ಟಿದ್ದೇನೆ. ಕೆಲಸ ಹೋದ ಇತರರ ಮನೆಗಳಲ್ಲಿ ಮಾರಾಟವಾಗದೆ ಬಿದ್ದಿರುವ ಮೂಟೆಗಳನ್ನು ಪಾಲಿಗೆ ತೆಗೆದುಕೊಂಡು ನಾವಿಬ್ಬರೂ ಕೂಡುರಸ್ತೆಗೆ ಹೋಗುತ್ತೇವೆ, ಹೊಲಿಗೆ ಕಡಿಮೆ ಇದ್ದ ದಿನಗಳಲ್ಲಿ. ಇವರಿಗೆ ಈಗಲೂ ಕೂಗಲು ಬರುವುದಿಲ್ಲ. ನಾನು ಕೂಗುತ್ತೇನೆ, ಅವರು ಕಡ್ಡಿ ಗೀರಿ ತೋರಿಸುತ್ತಾರೆ.